ಓದುಗರ ಪ್ರಶ್ನೆ: ಮನೆಯ ಮರಗೆಲಸ, ಮಳೆಗಾಲ ಮತ್ತು ವಾರ್ನಿಷ್

ಕಾಸರಗೋಡು ಜಿಲ್ಲೆಯ ಓದುಗರಿಂದ ವಾರ್ನಿಷ್ ಕುರಿತು ಬಂದ ಪತ್ರಗಳಲ್ಲಿ ಐದನ್ನು ಆಯ್ದು ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಬದಿಯಡ್ಕ ಸಮೀಪದ ನಮ್ಮ ಹಳೆಯ ಮನೆಯ ಎದುರು ಬಾಗಿಲಿಗೂ ದಾರಂದಕ್ಕೂ (ಬಾಗಿಲಿನ ಚೌಕಟ್ಟಿಗೂ) ಕಳೆದ ವರ್ಷ ಮೇ ತಿಂಗಳ ಕೊನೆಗೆ ವಾರ್ನಿಷ್ ಕೊಡಿಸಿದೆವು. ಆಟಿ ತಿಂಗಳು (ಜುಲೈ–ಆಗಸ್ಟ್) ಕಳೆದರೂ ಕೈಗೆ ಅಂಟುತ್ತಿತ್ತು. ಈಗ ಬಾಗಿಲಿನ ಕೆಳಭಾಗದಲ್ಲಿ ಪದರ ಎದ್ದು ಬರುತ್ತಿದೆ. ಬಾಗಿಲು ತೇಗದ್ದು, ದಾರಂದ ಹಲಸಿನದು. ಅಗ್ಗದ ವಾರ್ನಿಷ್ ಬಳಸಿದ್ದರಿಂದ ಹೀಗಾಯಿತೇ?

ಉತ್ತರ: ಬೆಲೆಗಿಂತ ನೀವು ಆರಿಸಿದ ಕಾಲವೇ ಇದಕ್ಕೆ ಕಾರಣವಾಗಿರುವ ಸಂಭವ ಹೆಚ್ಚು. ಸಾಮಾನ್ಯ ಎಣ್ಣೆ ವಾರ್ನಿಷಿನಲ್ಲಿ ಗಟ್ಟಿ ಪೊರೆ ಕೊಡುವ ರಾಳ, ಗಾಳಿಯಲ್ಲಿ ಒಣಗುವ ಅಗಸೆಯಂಥ ಎಣ್ಣೆ ಮತ್ತು ಇವೆರಡನ್ನೂ ಬ್ರಶ್ಶಿಗೆ ಒಗ್ಗುವಷ್ಟು ತೆಳುವಾಗಿಸುವ ಟರ್ಪೆಂಟೈನ್ ಇರುತ್ತವೆ. ಹಿಂದೆ ಕೋಪಲ್‌ನಂಥ ಮರದ ರಾಳವನ್ನು ಚೆನ್ನಾಗಿ ಕಾಯಿಸಿ ಕರಗಿಸಿ ಎಣ್ಣೆಗೆ ಬೆರೆಸುತ್ತಿದ್ದರು. 1920ರ ದಶಕದಿಂದೀಚೆಗೆ ಆ ಜಾಗವನ್ನು ಬಹುಮಟ್ಟಿಗೆ ಆಲ್ಕಿಡ್, ಆಮೇಲೆ ಪಾಲಿಯುರಿಥೇನ್ ಮುಂತಾದ ಕೃತಕ ರಾಳಗಳು ತೆಗೆದುಕೊಂಡಿವೆ. ಟರ್ಪೆಂಟೈನ್ ಆರಿಹೋದ ಕೂಡಲೇ ವಾರ್ನಿಷ್ ಒಣಗಿತೆಂದು ಹೇಳಲಾಗದು. ಅನಂತರ ಎಣ್ಣೆಯು ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು, ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗಬೇಕು. ತೇವ ತುಂಬಿದ, ಬಿಸಿಲಿಲ್ಲದ, ಗಾಳಿಯಾಡದ ದಿನಗಳಲ್ಲಿ ಈ ಕೆಲಸ ಬಹಳ ನಿಧಾನವಾಗುತ್ತದೆ. ಮೇ ಕೊನೆಯಲ್ಲಿ ಬರುವ ಪತ್ತನಾಜೆಯ ಹೊತ್ತಿಗೆ ಮೊದಲ ಕೋಟ್ ಬಳಿದರೆ, ಎರಡನೆಯ ಕೋಟ್ ಒಣಗುವ ಮೊದಲೇ ಮಳೆ ಹಿಡಿಯುತ್ತದೆ. ನಮ್ಮ ಕಡೆ ಇದಕ್ಕೆ ತಕ್ಕ ಕಾಲ ಡಿಸೆಂಬರಿನಿಂದ ಏಪ್ರಿಲ್ ಮಧ್ಯದವರೆಗೆ. ಆ ಕೆಲಸವನ್ನು ಮಳೆಗಾಲದ ಬಾಗಿಲಿಗೆ ತಂದು ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ.

ತೇಗಕ್ಕೆ ಇನ್ನೊಂದು ತೊಡಕಿದೆ. ಆ ಮರವನ್ನು ಗೆದ್ದಲಿನಿಂದ ಕಾಯುವ ಸಹಜ ಎಣ್ಣೆಯಂಶವೇ ವಾರ್ನಿಷ್ ಒಣಗುವುದನ್ನು ತಡೆಯುತ್ತದೆ. ಆದುದರಿಂದ ತೇಗವನ್ನು ಉಜ್ಜಿದ ಮೇಲೆ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಆರಿದ ಕೂಡಲೇ ಮೊದಲ ಕೋಟ್ ಕೊಡಬೇಕು. ಹಲಸಿಗೆ ಈ ತೊಂದರೆ ಅಷ್ಟಿಲ್ಲ. ಆದರೆ ಹಸಿ ಮರದಿಂದ ಮಾಡಿದ್ದಾದರೆ ಒಳಗಿನ ನೀರು ಹೊರಬರಲು ಹೆಣಗಿ ಪೊರೆಯನ್ನು ಎಬ್ಬಿಸುತ್ತದೆ. ಮರದಲ್ಲಿರುವ ತೇವ ಶೇಕಡಾ 15ಕ್ಕಿಂತ ಕಡಿಮೆಯಾದ ಮೇಲೆ ಬಳಿಯುವುದು ಕ್ಷೇಮ. ತೇವ ಅಳೆಯುವ ಸಣ್ಣ ಉಪಕರಣ ಈಗ ಅನೇಕ ಆಚಾರಿಗಳ ಬಳಿ ಇದೆ, ಕೇಳಿ ಪರೀಕ್ಷಿಸಿಕೊಳ್ಳಿ.

ಕೆಳಭಾಗ ಎದ್ದು ಬರುತ್ತಿರುವುದನ್ನು ಕಂಡಾಗ ಬಾಗಿಲನ್ನು ಕಳಚಿ ಅದರ ಕೆಳ ಅಂಚನ್ನು ನೋಡಬೇಕು. ಹೆಚ್ಚಿನ ಮನೆಗಳಲ್ಲಿ ಅಲ್ಲಿ ಬರಿಯ ಮರವೇ ಕಾಣುತ್ತದೆ, ಏಕೆಂದರೆ ನಿಂತ ಬಾಗಿಲಿಗೆ ಬಳಿಯುವಾಗ ಬ್ರಶ್ ಅಲ್ಲಿಗೆ ಹೋಗುವುದಿಲ್ಲ. ಕಡಿದ ತುದಿಯಲ್ಲಿ ಮರದ ನಾಳಗಳೆಲ್ಲ ಬಾಯಿ ತೆರೆದುಕೊಂಡಿರುವುದರಿಂದ ಜಗಲಿಗೆ ಎರಚಿದ ಮಳೆನೀರನ್ನು ಅದು ಮೇಲಕ್ಕೆ ಎಳೆದುಕೊಳ್ಳುತ್ತದೆ, ಮತ್ತು ಮುಂದಿನ ಮೈಗೆ ಎಷ್ಟೇ ಚೆಂದದ ಕೋಟ್ ಕೊಟ್ಟಿದ್ದರೂ ಪೊರೆ ಒಳಗಿನಿಂದಲೇ ಸಡಿಲಾಗುತ್ತದೆ. ಎದ್ದ ಪದರವನ್ನು ಪೂರ್ತಿ ಕೆರೆದು, 120ರ, ಆಮೇಲೆ 180ರ ಮರಳುಕಾಗದದಿಂದ ನಾರಿನ ಉದ್ದಕ್ಕೆ ಉಜ್ಜಿ, ಮೊದಲ ಕೋಟಿಗೆ ಸ್ವಲ್ಪ ಟರ್ಪೆಂಟೈನ್ ಬೆರೆಸಿ ತೆಳುವಾಗಿ ಬಳಿಯಿರಿ. ಮೇಲಿನ ಮತ್ತು ಕೆಳಗಿನ ಅಂಚುಗಳಿಗೆ ಒಂದು ಕೋಟ್ ಹೆಚ್ಚೇ ಇರಲಿ. ದಪ್ಪವಾಗಿ ಒಂದೇ ಸಲ ಬಳಿದರೆ ಮೇಲ್ಮೈ ಒಣಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಎದುರು ಬಾಗಿಲಿಗೆ ಹೊರಾಂಗಣದ ವಾರ್ನಿಷನ್ನೇ ಕೇಳಿ ತನ್ನಿ: ಪಾರದರ್ಶಕ ಪೊರೆಯ ಮೂಲಕ ಹಾದುಹೋಗುವ ಬಿಸಿಲಿನ ನೇರಳಾತೀತ ಕಿರಣ ಅಡಿಯಲ್ಲಿರುವ ಮರದ ಮೈಯನ್ನೇ ಸವೆಸುತ್ತದೆ, ಮತ್ತು ಅದನ್ನು ತಡೆಯುವ ವಸ್ತುವನ್ನು ಒಳಾಂಗಣದ ವಾರ್ನಿಷಿಗೆ ಸಾಮಾನ್ಯವಾಗಿ ಬೆರೆಸಿರುವುದಿಲ್ಲ.

ಪ್ರಶ್ನೆ: ಅಜ್ಜನ ಕಾಲದ ಮೇಜಿನ ಮೇಲೆ ಬಿಸಿ ಕಾಫಿಯ ಲೋಟ ಇಟ್ಟಲ್ಲೆಲ್ಲ ಬಿಳಿಯ ಉಂಗುರಗಳಾಗಿವೆ. ಹೊಸದಾಗಿ ವಾರ್ನಿಷ್ ಕೊಡಲೇ?

ಉತ್ತರ: ಅವಸರ ಬೇಡ. ಹತ್ತಿಗೆ ಸ್ವಲ್ಪ ಸ್ಪಿರಿಟ್ ತಾಗಿಸಿ ಮೇಜಿನ ಅಡಿಯ ಮರೆಯಾದ ಮೂಲೆಯೊಂದರಲ್ಲಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮೇಲ್ಮೈ ಮೆತ್ತಗಾಗಿ ಹತ್ತಿಗೆ ಕಂದು ಬಣ್ಣ ಅಂಟಿದರೆ ಅದು ಅರಗಿನ ಪಾಲಿಶ್. ಮುತ್ತುಗ, ಬೋರೆ ಮುಂತಾದ ಮರಗಳ ಎಳೆ ರೆಂಬೆಗಳಲ್ಲಿ ನೆಲೆಸುವ ಸಣ್ಣ ಕೀಟದಿಂದ ದೊರೆಯುವ ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ ಅದನ್ನು ಮಾಡುತ್ತಾರೆ. ಅದರ ಕಾಂತಿಗೆ ಸಾಟಿಯಿಲ್ಲ, ಆದರೆ ಬಿಸಿಯನ್ನೂ ನೀರನ್ನೂ ಅದು ತಾಳದು. ಬಿಳಿಯ ಉಂಗುರವೆಂದರೆ ಪೊರೆಯೊಳಗೆ ಸಿಕ್ಕಿಕೊಂಡ ತೇವ. ಮೋಡವಿಲ್ಲದ ಒಣ ದಿನದಲ್ಲಿ, ಸ್ಪಿರಿಟ್ ಸೋಕಿಸಿ ಚೆನ್ನಾಗಿ ಹಿಂಡಿದ ಮೆತ್ತನೆಯ ಬಟ್ಟೆಯನ್ನು ಅದರ ಮೇಲೆ ಎಲ್ಲಿಯೂ ನಿಲ್ಲಿಸದೆ ಹಗುರವಾಗಿ ಆಡಿಸಿದರೆ ಹಲವು ಸಲ ಹೋಗಿಬಿಡುತ್ತದೆ. ಹಳೆಯ ಪಾಲಿಶನ್ನು ಕೆರೆದು ಹಾಕುವುದು ಕೊನೆಯ ದಾರಿಯಾಗಲಿ.

ಪ್ರಶ್ನೆ: ವಾರ್ನಿಷ್ ಒರೆಸಿದ ಬಟ್ಟೆಗೆ ತಾನಾಗಿಯೇ ಬೆಂಕಿ ಹತ್ತುತ್ತದೆ ಎಂದು ಕುಂಬಳೆಯಲ್ಲಿ ಆಚಾರಿಯೊಬ್ಬರು ಹೇಳಿದರು. ನಂಬಬಹುದೇ?

ಉತ್ತರ: ನಂಬಬೇಕು, ಮತ್ತು ಆ ಆಚಾರಿಯ ಮಾತನ್ನು ಊರಿನವರಿಗೆಲ್ಲ ತಿಳಿಸಬೇಕು. ಅಗಸೆ ಎಣ್ಣೆಯಂಥ ಒಣಗುವ ಎಣ್ಣೆ ಆಮ್ಲಜನಕವನ್ನು ಹೀರುವಾಗ ಶಾಖ ಹೊರಬೀಳುತ್ತದೆ. ಬಾಗಿಲಿನ ಮೇಲೆ ತೆಳುವಾಗಿ ಹರಡಿದ ಎಣ್ಣೆಯ ಶಾಖ ಗಾಳಿಗೆ ಹೋಗಿಬಿಡುವುದರಿಂದ ನಮಗೆ ಅದು ತಿಳಿಯುವುದೇ ಇಲ್ಲ. ಅದೇ ಎಣ್ಣೆಯಲ್ಲಿ ನೆನೆದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದಾಗ ಒಳಮಡಿಕೆಗಳಲ್ಲಿ ಶಾಖ ಕೂಡಿಕೊಳ್ಳುತ್ತದೆ; ಬಿಸಿ ಏರಿದಷ್ಟೂ ಎಣ್ಣೆ ಇನ್ನಷ್ಟು ಬೇಗ ಆಮ್ಲಜನಕ ಹೀರುತ್ತದೆ, ಕೆಲವು ಗಂಟೆಗಳಲ್ಲಿ ಹೊಗೆಯಾಡಿ, ಕಿಡಿಯ ಹಂಗಿಲ್ಲದೆ ಉರಿಯುತ್ತದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1991ರ ಫೆಬ್ರವರಿ 23ರಂದು ವನ್ ಮೆರಿಡಿಯನ್ ಪ್ಲಾಜಾ ಎಂಬ ಬಹುಮಹಡಿ ಕಟ್ಟಡಕ್ಕೆ ಬಿದ್ದ ಬೆಂಕಿ, ಮರದ ಹಲಗೆಗಳಿಗೆ ಮೆರುಗು ಕೊಡುತ್ತಿದ್ದವರು 22ನೆಯ ಮಹಡಿಯಲ್ಲಿ ಬಿಟ್ಟುಹೋದ ಅಗಸೆ ಎಣ್ಣೆಯ ಬಟ್ಟೆಗಳಿಂದ ಹುಟ್ಟಿದ್ದು. ಮೂವರು ಅಗ್ನಿಶಾಮಕ ಸಿಬ್ಬಂದಿ ಅದರಲ್ಲಿ ಪ್ರಾಣ ಕಳೆದುಕೊಂಡರು.

ನಮ್ಮಲ್ಲಿ ಇಂಥ ಬಟ್ಟೆ ಹೋಗಿ ಬೀಳುವುದು ಹೆಚ್ಚಾಗಿ ಸೌದೆ ಕೊಟ್ಟಿಗೆಗೆ, ತೆಂಗಿನ ಮಡಲು, ಅಡಿಕೆ ಸಿಪ್ಪೆ, ಚಿಪ್ಪುಗಳ ಪಕ್ಕಕ್ಕೆ. ಇದನ್ನು ಯೋಚಿಸಿದರೆ ನನಗೆ ನಿಜವಾಗಿಯೂ ಆತಂಕವಾಗುತ್ತದೆ. ಕೆಲಸ ಮುಗಿದ ಕೂಡಲೇ ಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿ ಅಂಗಳದಲ್ಲಿ ಹರಡಿ, ಗರಿಗರಿಯಾಗಿ ಒಣಗುವವರೆಗೆ ಬಿಡಿ. ಅಥವಾ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿ. ಉಜ್ಜಿದಾಗ ಬಂದ ವಾರ್ನಿಷಿನ ಹುಡಿಗೂ ಇದೇ ಎಚ್ಚರ ಬೇಕು.

ಆವಿಯ ಅಪಾಯ ಬೇರೆಯದು. ಸ್ಪಿರಿಟ್ ಮತ್ತು ಥಿನ್ನರುಗಳ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಿದು ಪಕ್ಕದ ಕೋಣೆಯ ದೇವರ ದೀಪವನ್ನೋ ಅಡುಗೆ ಒಲೆಯನ್ನೋ ಮುಟ್ಟಬಲ್ಲದು. ಕೆಲಸ ನಡೆಯುವಷ್ಟು ಹೊತ್ತು ಮನೆಯಲ್ಲಿ ಉರಿ ಇರಕೂಡದು, ಕಿಟಕಿ ಬಾಗಿಲುಗಳು ತೆರೆದಿರಬೇಕು. ಧೂಳು ತಡೆಯುವ ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಎರಡು ಡಬ್ಬಿ ಬೆರೆಸಿ ಸ್ಪ್ರೇ ಮಾಡುವ ಪಾಲಿಯುರಿಥೇನಿನಲ್ಲಿ ಆಸ್ತಮಾ ತರಬಲ್ಲ ಐಸೊಸಯನೇಟ್ ಇರುವುದರಿಂದ ಆ ಕೆಲಸವನ್ನು ತಕ್ಕ ಸಲಕರಣೆಯಿರುವವರಿಗೇ ಬಿಡಿ. ಗರ್ಭಿಣಿಯರೂ ಮಕ್ಕಳೂ ಆ ದಿನಗಳಲ್ಲಿ ಬೇರೆ ಮನೆಯಲ್ಲಿರಲಿ.

ಪ್ರಶ್ನೆ: ನಮ್ಮಲ್ಲಿ ಧೂಪದ ಮರವೂ ಗೇರುಬೀಜದ ಸಿಪ್ಪೆಯೂ ಸಾಕಷ್ಟಿವೆ. ಮನೆಯಲ್ಲೇ ವಾರ್ನಿಷ್ ಮಾಡಬಹುದೇ?

ಉತ್ತರ: ಎರಡೂ ವಾರ್ನಿಷಿಗೆ ಒದಗುವ ವಸ್ತುಗಳೇ. ಪಶ್ಚಿಮ ಘಟ್ಟದಲ್ಲಿ ಮಾತ್ರ ಸಹಜವಾಗಿ ಬೆಳೆಯುವ, ನಾವು ರಸ್ತೆಬದಿಯ ಸಾಲುಮರವಾಗಿಯೂ ಕಾಣುವ ಧೂಪದ ಮರದ ಅಂಟು ಟರ್ಪೆಂಟೈನಿನಲ್ಲಿ ಕರಗುತ್ತದೆ. ಬ್ರಿಟಿಷರ ಕಾಲದ ಬರಹಗಳಲ್ಲಿ ಅದಕ್ಕೆ ಪೈನಿ ವಾರ್ನಿಷ್ ಎಂಬ ಹೆಸರೇ ಇದೆ. ಆದರೆ ಅಂಟಿಗಾಗಿ ಮರದ ತೊಗಟೆಗೆ ಕಚ್ಚು ಹಾಕಲು ಹೋಗಬೇಡಿ. ಆ ಮರ ಈಗಾಗಲೇ ಕಡಿಮೆಯಾಗುತ್ತಿದೆ. ಗೇರುಸಿಪ್ಪೆಯ ಎಣ್ಣೆಯನ್ನು ಕರಾವಳಿಯವರು ದೋಣಿಗಳಿಗೆ ಬಳಿಯುತ್ತಿದ್ದುದುಂಟು, ಕೈಗಾರಿಕೆಯಲ್ಲಿ ಅದರಿಂದ ರಾಳ ತಯಾರಿಸುವುದೂ ಉಂಟು. ಹಸಿ ಎಣ್ಣೆ ಚರ್ಮವನ್ನು ಸುಟ್ಟು ಗುಳ್ಳೆ ಎಬ್ಬಿಸುತ್ತದೆ, ಕಾಯಿಸುವಾಗ ಏಳುವ ಹೊಗೆ ಕಣ್ಣಿಗೂ ಗಂಟಲಿಗೂ ಕೆಟ್ಟದ್ದು. ಎಣ್ಣೆಯನ್ನೂ ರಾಳವನ್ನೂ ಒಲೆಯ ಮೇಲಿಟ್ಟು ಕರಗಿಸುವ ಪ್ರಯತ್ನವನ್ನು ಮನೆಯಲ್ಲಿ ಖಂಡಿತ ಮಾಡಬಾರದು.

ಪ್ರಶ್ನೆ: ಮರದ ತೊಟ್ಟಿಲಿಗೆ ಏನು ಬಳಿಯಬಹುದು? ಮಗು ಕಚ್ಚುತ್ತದೆ.

ಉತ್ತರ: ಬಣ್ಣ ಬೆರೆಸದ ಅರಗಿನ ಪಾಲಿಶ್ ಸಾಕು. ಚನ್ನಪಟ್ಟಣದ ಗೊಂಬೆಗಳಿಗೆ ಮೆರುಗು ಕೊಡುವುದೂ ಅರಗೇ. ಡಬ್ಬಿಯ ವಾರ್ನಿಷ್ ಅಥವಾ ಬಣ್ಣವಾದರೆ ಸೀಸದ ಬಗ್ಗೆ ಚೀಟಿಯಲ್ಲಿ ಬರೆದಿರುವುದನ್ನು ಓದಿ ಕೊಳ್ಳಿ. ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂದು 2016ರ ನಿಯಮ ಹೇಳುತ್ತದೆ. ಹಳೆಯ ತೊಟ್ಟಿಲಿಗೆ ಹಿಂದೆಂದೋ ಬಣ್ಣ ಬಳಿದಿದ್ದರೆ ಅದನ್ನು ಒಣಗಿದಂತೆಯೇ ಉಜ್ಜಬೇಡಿ, ಮರಳುಕಾಗದವನ್ನು ನೀರಿನಲ್ಲಿ ನೆನೆಸಿ ಉಜ್ಜಿ. ಸೀಸದ ಹುಡಿ ಆಗ ಗಾಳಿಗೆ ಏಳುವುದಿಲ್ಲ. ಬಳಿದ ಮೇಲೆ ಅರಗಿಗೆ ಒಂದು ವಾರ, ಎಣ್ಣೆ ವಾರ್ನಿಷಿಗೆ ಕನಿಷ್ಠ ಒಂದು ತಿಂಗಳು ಗಾಳಿಯಾಡುವಲ್ಲಿ ಇಟ್ಟು, ಮೂಗನ್ನು ಹತ್ತಿರ ತಂದರೂ ವಾಸನೆ ಬಾರದಿದ್ದರೆ ಮಾತ್ರ ಮಗುವನ್ನು ಮಲಗಿಸಿ.