ಗಣಿ ಕಂಪನಿ ಊರಿಗೆ ಏನು ಮಾಡಬಹುದು? ಮೊದಲು ಬಿಲ್ಲು ಚುಕ್ತಾ ಮಾಡಲಿ

ಗಣಿ ಕಂಪನಿಗಳು ತಾವು ಅದಿರು ತೆಗೆಯುವ ಊರಿನ ಜನರಿಗೆ, ಅಲ್ಲಿನ ವ್ಯಾಪಾರ ವಹಿವಾಟಿಗೆ ನಿಜವಾಗಿ ಹೇಗೆ ನೆರವಾಗಬಹುದು ಎಂದು ಕೇಳಿದ್ದೀರಿ. ನಾನು ಸಂಡೂರು ತಾಲ್ಲೂಕಿನವನು. ಹೊಸಪೇಟೆಯಲ್ಲಿ ಲೇತ್ ಮತ್ತು ವೆಲ್ಡಿಂಗ್ ಅಂಗಡಿ ಇಟ್ಟು ಇಪ್ಪತ್ತು ವರ್ಷ ದಾಟಿದೆ. ಹಾಗಾಗಿ ಇದು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನ ಉತ್ತರ.

2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ 2ರಷ್ಟನ್ನು ಸಾಮಾಜಿಕ ಕೆಲಸಗಳಿಗೆ ಖರ್ಚು ಮಾಡಬೇಕು. ಬಸ್ ತಂಗುದಾಣ, ಶಾಲೆಯ ಬೆಂಚು, ಕಣ್ಣಿನ ತಪಾಸಣೆ ಎಲ್ಲ ಬರುವುದು ಆ ದುಡ್ಡಿನಿಂದ. ಬೇಡ ಎನ್ನುವುದಿಲ್ಲ. ಆದರೆ ಎಲ್ಲರ ಕಣ್ಣೂ ಆ ಶೇ 2ರ ಮೇಲೇ. ಟಿಪ್ಪರ್ ರಿಪೇರಿ, ಅಗೆಯುವ ಯಂತ್ರದ ಬಕೆಟ್ ಹಲ್ಲು, ಕಾರ್ಮಿಕರ ಸಮವಸ್ತ್ರ, ಕ್ಯಾಂಟೀನಿನ ತರಕಾರಿ ಎಂದು ಕಂಪನಿ ವರ್ಷವಿಡೀ ಸುರಿಯುವ ಹಣ ಯಾವ ಊರಿಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ. ಯಂತ್ರದ ಒಂದು ಬುಷ್ (ಲೋಹದ ಬಳೆ) ಕಡೆಯುವ ಕೆಲಸ ನನ್ನ ಅಂಗಡಿಗೆ ಬಂದರೆ ನಾಲ್ವರು ಹುಡುಗರಿಗೆ ಕೂಲಿ, ಪಕ್ಕದ ಖಾನಾವಳಿಗೆ ನಾಲ್ಕು ಊಟ. ಅದೇ ಕೆಲಸ ಪುಣೆಗೆ ಹೋದರೆ ನಮಗೆ ಉಳಿಯುವುದು ಕೆಂಪು ಧೂಳು ಮಾತ್ರ.

ಕೆಲಸ ಕೊಟ್ಟರೆ ಸಾಲದು, ಹಣವನ್ನೂ ಕೊಡಬೇಕು. ಹೆಸರು ಹೇಳದ ಒಂದು ಕಂಪನಿ ನನ್ನ ಬಿಲ್ಲನ್ನು ಏಳು ತಿಂಗಳು ಇಟ್ಟುಕೊಂಡಿತು. ಹೆಂಡತಿಯ ಸರ ಅಡವಿಟ್ಟು ಹುಡುಗರಿಗೆ ಸಂಬಳ ಕೊಟ್ಟೆ. ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನಗಳೊಳಗೆ ಹಣ ಪಾವತಿಸಬೇಕು ಎಂದು 2006ರ ಕಾಯ್ದೆಯೇ ಹೇಳುತ್ತದೆ. ದೂರು ಕೊಟ್ಟವನಿಗೆ ಮುಂದಿನ ಆರ್ಡರ್ ಯಾರು ಕೊಡುತ್ತಾರೆ ಎಂಬುದನ್ನು ಕಾಯ್ದೆ ಹೇಳುವುದಿಲ್ಲ.

ಅದೇ ಏಳು ತಿಂಗಳಲ್ಲಿ ಆ ಕಂಪನಿ ನಮ್ಮೂರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಉದ್ಘಾಟಿಸಿತು. ನಾಣ್ಯ ಹಾಕಿದರೆ ಒಂದು ಕ್ಯಾನ್ ನೀರು. ಒಂದೂವರೆ ವರ್ಷ ಚೆನ್ನಾಗಿ ನಡೆದು ನಿಂತಿತು. ಬೀಗದ ಕೈ ಯಾರ ಬಳಿ ಇದೆಯೆಂದು ಯಾರಿಗೂ ಗೊತ್ತಿಲ್ಲದೆ ಬೀಗ ಕತ್ತರಿಸಲು ನನ್ನನ್ನೇ ಕರೆದರು. ಒಳಗೆ ಯಂತ್ರ ಹೊಸದರಂತೆ ಹೊಳೆಯುತ್ತಿತ್ತು. ಕೆಟ್ಟಿದ್ದು ಶೋಧಕ ಒಂದೇ, ಮೇಲೆಲ್ಲ ಕಂದು ಕೆಸರು ಗಟ್ಟಿಯಾಗಿ ಅಂಟಿಕೊಂಡಿತ್ತು. ಅದನ್ನು ಬದಲಿಸಲು ಊರಿನ ಐಟಿಐ ಹುಡುಗನೊಬ್ಬನಿಗೆ ತಿಂಗಳಿಗೆ ಇಷ್ಟೆಂದು ಕೊಟ್ಟು ಕಲಿಸಿದ್ದರೆ ಆಗುತ್ತಿತ್ತು. ಈಗ ಅಲ್ಲಿ ಜೋಳದ ಸೊಪ್ಪೆ ಒಟ್ಟಿದ್ದಾರೆ. ದಾನಿಗಳ ಹೆಸರಿರುವ ಗ್ರಾನೈಟ್ ಫಲಕಕ್ಕೆ ಮಾತ್ರ ಏನೂ ಆಗಿಲ್ಲ.

ಇನ್ನೊಂದು ಮಾತು, ಗಣಿ ನಿಂತ ದಿನದ್ದು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಅದಿರು ಗಣಿಗಾರಿಕೆ ನಿಲ್ಲಿಸಿತು. ಕಾಡು, ರಸ್ತೆ, ಗಡಿಕಲ್ಲು ಯಾವುದನ್ನೂ ಬಿಡದ ಲೂಟಿ ನಡೆದಿತ್ತು. ಆದೇಶ ತಪ್ಪೆಂದು ನಾನು ಅಂದೂ ಹೇಳಲಿಲ್ಲ. ಆದರೆ ಹೊಲ ಮಾರಿ ಟಿಪ್ಪರ್ ಕೊಂಡಿದ್ದ ನಮ್ಮ ದೊಡ್ಡಪ್ಪನ ಮಗ ಕಂತು ಕಟ್ಟಲಾಗದೆ ಗಾಡಿಯನ್ನೂ ಕಳೆದುಕೊಂಡ. ನಾನು ಇಬ್ಬರು ಹುಡುಗರನ್ನು ಮನೆಗೆ ಕಳಿಸಿದೆ. ಬೇರೆ ಗಣಿ ಊರುಗಳ ಕತೆಯೂ ಇದೇ. ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಬಂದಿತ್ತು, ಬೆಂಗಳೂರಿಗಿಂತ ಮೊದಲು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅಲ್ಲಿಯ ಮಕ್ಕಳು ದಿನಾ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. 2005ರ ಕೊನೆಯಲ್ಲಿ ನಿಂತ ಕುದುರೆಮುಖದ ಅದಿರು ಗಣಿಯ ಕಾಲೊನಿಯಲ್ಲಿ ಮನೆಗಳಿವೆ, ಜನ ತೀರಾ ಕಡಿಮೆ.

ಹಾಗಾಗಿ ಕಂಪನಿ ಮೊದಲ ದಿನವೇ ಅದಿರು ಎಷ್ಟು ವರ್ಷಕ್ಕೆ ಇದೆ ಎಂದು ಊರಿಗೆ ಹೇಳಲಿ. ಅದಿರಿಗೆ ಸಂಬಂಧವೇ ಇಲ್ಲದ ಕಸುಬೊಂದನ್ನು ಜೊತೆಗೆ ಬೆಳೆಸಲಿ. ನಮ್ಮಲ್ಲೇ ಉದಾಹರಣೆ ಇದೆ: ಸಂಡೂರಿನ ಲಂಬಾಣಿ ಕಸೂತಿಯ ಕೇಂದ್ರ ಬೆಳೆದದ್ದು ಸ್ಥಳೀಯ ಗಣಿ ಕಂಪನಿಯ ಬೆಂಬಲದಿಂದ. ಇಂದು ಆ ಕಸೂತಿಗೆ ಭೌಗೋಳಿಕ ಸೂಚಕದ (ಜಿಐ, ಇದು ಈ ಊರಿನದೇ ಎಂಬ ಗುರುತಿನ) ಮನ್ನಣೆ ಇದೆ. ಸೂಜಿ, ದಾರ, ಕನ್ನಡಿ ಚೂರುಗಳಿಗೆ ಯಾವ ಪರ್ಮಿಟ್ಟೂ ಬೇಡ.

ಗಣಿಯಿಂದ ತೊಂದರೆಗೊಳಗಾದ ಜನರಿಗೆಂದೇ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣದ ಬಗ್ಗೆ ಒಂದೇ ಮಾತು. ಗಣಿ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯ ನಂತರ, ಅದಕ್ಕೂ ಹಿಂದಿನ ಗುತ್ತಿಗೆಗಳವರು ಅದಿರಿಗಾಗಿ ಸರ್ಕಾರಕ್ಕೆ ಕೊಡುವ ರಾಜಧನದ ಜೊತೆಗೆ ಅದರ ಶೇ 30ರಷ್ಟನ್ನು ಇದಕ್ಕೆ ಕಟ್ಟಬೇಕು. ಅದು ಜನರ ಹಕ್ಕಿನ ಹಣ, ಕಂಪನಿಯ ಉಪಕಾರವಲ್ಲ. ಎರಡನ್ನೂ ಒಂದೇ ಭಾಷಣದಲ್ಲಿ ಬೆರೆಸಿದರೆ ಎದ್ದು ಕೇಳಿ.

ನಿಮ್ಮ ಊರಿನ ಬಳಿ ಗಣಿ ಇದ್ದರೆ ವಾರ್ಷಿಕ ವರದಿ ಓದುವ ಮೊದಲು ಬೆಳಿಗ್ಗೆ ಆರಕ್ಕೆ ಅವರ ಕ್ಯಾಂಟೀನಿನ ಹಿಂಬಾಗಿಲಿಗೆ ಹೋಗಿ, ತರಕಾರಿ ಇಳಿಸುವ ಗಾಡಿಯ ನಂಬರ್ ಪ್ಲೇಟ್ ನೋಡಿ. ಬಿಲ್ಲಿಗಾಗಿ ಅಲೆಯುತ್ತಿದ್ದಾಗ ನಾನೂ ಒಮ್ಮೆ ನೋಡಿದ್ದೆ. ನಮ್ಮ ಹೊಸಪೇಟೆಯ ಕೆಎ 35 ಆಗಿರಲಿಲ್ಲ. ಆ ವಾರ ನಮ್ಮೂರಿನವರು ಕೀಳುವ ಕೂಲಿಯೂ ಗಿಟ್ಟುವುದಿಲ್ಲವೆಂದು ಟೊಮೆಟೊವನ್ನು ಹೊಲದಲ್ಲೇ ಬಿಟ್ಟಿದ್ದರು.