ಗ್ರಾಫಿಕ್ಸ್ ಕಾರ್ಡ್ ಬಿಸಿ: ಫ್ಯಾನ್ ಕೊಳ್ಳುವ ಮುಂಚೆ

ಗೇಮ್ ಶುರುವಾಗಿ ಹತ್ತೇ ನಿಮಿಷಕ್ಕೆ ಕಾರ್ಡ್ 88 ಡಿಗ್ರಿ ಮುಟ್ಟುತ್ತದೆ, ಒಳ್ಳೆ ಫ್ಯಾನ್ ಹಾಕಲೇ ಅಂತ ಕೇಳಿದ್ದೀರಿ. ಸ್ವಲ್ಪ ತಡೆಯಿರಿ. ಮೊದಲು ಕಂಪ್ಯೂಟರ್ ಕೇಸಿನ ಪಕ್ಕದ ಮುಚ್ಚಳ ತೆಗೆದು ಅದೇ ಗೇಮ್ ಆಡಿ ನೋಡಿ. ಏಳೆಂಟು ಡಿಗ್ರಿ ಇಳಿದರೆ ತಪ್ಪು ಕಾರ್ಡಿನದಲ್ಲ, ಕೇಸಿನೊಳಗೆ ಗಾಳಿ ಆಡುತ್ತಿಲ್ಲ. ಮುಂದೆ ಗಾಳಿ ಒಳಗೆಳೆಯುವ ಫ್ಯಾನ್, ಹಿಂದೆ ಹೊರಗೆ ತಳ್ಳುವ ಫ್ಯಾನ್ ಹಾಕಿ.

ಇಳಿಯಲಿಲ್ವಾ? ಕಾರ್ಡಿನ ಬಿಸಿ ಹೀರಿಕೊಳ್ಳುವ ಹೀಟ್‌ಸಿಂಕ್‌ನ ಲೋಹದ ಪಟ್ಟಿಗಳ ನಡುವೆ ಟಾರ್ಚ್ ಬಿಡಿ. ನನ್ನ ಹಳೇ ಕಾರ್ಡಿನಲ್ಲಿ ಧೂಳು ಕಂಬಳಿ ಥರ ಕೂತಿತ್ತು! ಧೂಳು ತೆಗೆಯಲು ಗಾಳಿ ಊದುವಾಗ ಫ್ಯಾನನ್ನು ಬೆರಳಿಂದ ಹಿಡಿದುಕೊಳ್ಳಿ. ಸುಮ್ನೆ ಗಿರ್ರನೆ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗಬಹುದು. ಆಮೇಲೂ ಬಿಸಿಯಾದರೆ ಚಿಪ್ಪಿನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರಬಹುದು.

ಕಾರ್ಡಿನ ಫ್ಯಾನೇ ಕರಕರ ಅಂದರೆ ಬದಲಿಸಲೇಬೇಕು. ಹಳೇ ಫ್ಯಾನಿನ ಚೀಟಿಯಲ್ಲಿರುವ ಮಾಡೆಲ್ ನಂಬರ್, ವೈರಿನ ತುದಿಯಲ್ಲಿ ಎಷ್ಟು ಪಿನ್ ಇದೆ, ಎರಡನ್ನೂ ನೋಡಿಕೊಂಡು ತನ್ನಿ.