ಹಿಂದಿನ ಹೆಡ್‌ರೆಸ್ಟ್ ಒಳಗನ್ನಡಿಗೆ ಅಡ್ಡ ಬರ್ತಿದ್ರೆ

ಚಾರ್ಮಾಡಿ ಘಾಟಿ ಇಳಿಯುವಾಗ ಒಳಗನ್ನಡಿಯಲ್ಲಿ ಹಿಂದಿನ ಬಸ್ಸೇ ಕಾಣಲ್ಲ, ಹಿಂದಿನ ಸೀಟಿನ ಹೆಡ್‌ರೆಸ್ಟ್‌ಗಳೇ (ತಲೆ ಆನಿಸೋ ದಿಂಬು) ಕಾಣ್ತವೆ ಅನ್ನೋದಾದ್ರೆ, ಅಡ್ಡ ಬರ್ತಿರೋದು ಬಹುಶಃ ನಡುವಿನದ್ದು. ಯಾರೂ ಕೂರದಿದ್ರೂ ಅದು ಮೇಲಕ್ಕೆ ಎಳೆದೇ ಇರಬಹುದು.

ಕಂಬಿಯ ಬುಡದ ಬಟನ್ ಒತ್ತಿ ಪೂರ್ತಿ ಕೆಳಗಿಳಿಸಿ. ಹೆಚ್ಚಿನ ಕಾರುಗಳಿಗೆ ಇಷ್ಟೇ ಸಾಕು. ಸಾಲದಿದ್ರೆ ಬಟನ್ ಒತ್ತಿಹಿಡಿದು ಎರಡೂ ಕಂಬಿ ಒಂದೇ ಸಮ ಮೇಲೆತ್ತಿ ತೆಗೆದುಬಿಡಿ, ಓರೆಯಾದ್ರೆ ಸಿಕ್ಕಿಕೊಳ್ಳುತ್ತೆ. ಕೆಲವು ಮಾಡೆಲ್‌ಗಳಲ್ಲಿ ಇನ್ನೊಂದು ಕಂಬಿಗೂ ಲಾಕ್ ಇರುತ್ತೆ, ಅದರ ಸಣ್ಣ ತೂತಿಗೆ ಪಿನ್ನು ಚುಚ್ಚಬೇಕು. ಚಾವಣಿಗೆ ತಗುಲಿದ್ರೆ ಸೀಟಿನ ಬೆನ್ನು ಸ್ವಲ್ಪ ಮುಂದಕ್ಕೆ ಮಡಚಿ. ಬಿಚ್ಚಿದ್ದನ್ನು ಹಿಂದಿನ ಗಾಜಿನ ಹತ್ತಿರ ಇಡಬೇಡಿ, ಬ್ರೇಕ್ ಹಾಕಿದಾಗ ಮುಂದಕ್ಕೆ ಹಾರಿಬರುತ್ತೆ. ಡಿಕ್ಕಿಯೊಳಗೆ ಹಾಕಿ.

ಆ ಸೀಟಲ್ಲಿ ಯಾರಾದ್ರೂ ಕೂತರೆ ಮಾತ್ರ ವಾಪಸ್ ಹಾಕಲೇಬೇಕು, ಮೇಲಂಚು ನೆತ್ತಿಯ ಮಟ್ಟಕ್ಕೆ ಬರಬೇಕು. ಹಿಂದಿನಿಂದ ಗಾಡಿ ಗುದ್ದಿದ್ರೆ ಕತ್ತು ಕಾಯೋದು ಅದೇ. ಕಂಬಿಯ ಕಚ್ಚು ಬಟನ್ ಕಡೆಗಿರಲಿ; ಹಾಕಿದ ಮೇಲೆ ಒಮ್ಮೆ ಎಳೆದು ನೋಡಿ.

ಸೀಟಿಗೇ ಸೇರಿಕೊಂಡ ಹೆಡ್‌ರೆಸ್ಟ್ ಆದ್ರೆ ಇಳಿಸೋ ಮಾತೇ ಇಲ್ಲ. ಆಗ ಹೊರಗಿನ ಎರಡೂ ಕನ್ನಡಿಯನ್ನು ನಿಮ್ಮ ಕಾರಿನ ಮೈ ಒಂದು ಬೆರಳಗಲ ಮಾತ್ರ ಕಾಣುವಷ್ಟು ಹೊರಕ್ಕೆ ತಿರುಗಿಸಿ. ಘಾಟಿ ಮೇಲಿನ ಕೊಟ್ಟಿಗೆಹಾರದ ಮಂಜಲ್ಲಿ ಹಿಂದಿನ ಗಾಜಿನ ಒಳಗೆ ಬೆವರಿದ್ರೆ ಅದಕ್ಕೆ ಹೆಡ್‌ರೆಸ್ಟ್ ಕಾರಣವಲ್ಲ, ಡಿಫಾಗರ್ (ಗಾಜಿನ ಮಂಜು ಕಳೆಯೋ ಸೌಲಭ್ಯ) ಹಾಕಿ.